ಡಿಲೀಟ್ ಒತ್ತುವ ಮೊದಲು

ಲೇ ಹುಡುಗಿ,

ಸಾರಿ ಕಣೇ. ನೀನು ಕಾಲೇಜು ಬಿಟ್ಟು, ನನ್ನ ನಂಬರನ್ನೂ ಬ್ಲಾಕ್ ಮಾಡಿದ ಮೇಲೆ ನಾನು ಬರೀಬಾರದಿತ್ತು. ಇದನ್ನ ಕಳಿಸೋದೂ ಇಲ್ಲ. ಆದರೆ ಈ ಭಯಾನ ಹೇಳಿಕೊಳ್ಳೋಕೆ ನಿನ್ನ ಬಿಟ್ಟು ಯಾರೂ ಇಲ್ಲ.

ಇವತ್ತು ಲ್ಯಾಬಲ್ಲಿ ಸರ್, "ಕ್ಲೌಡ್ ಸರ್ಟಿಫಿಕೇಟ್ ಇರೋದು ಇವಳೊಬ್ಬಳಿಗೇ, ಪ್ರಾಜೆಕ್ಟ್‌ಗಳು ಓಡೋ ಸರ್ವರ್‌ಗಳಲ್ಲಿ ಬೇಡದ್ದನ್ನ ಇವಳೇ ತೆಗೀಲಿ" ಅಂತ ಕಾಲೇಜಿನ ಕ್ಲೌಡ್ ಅಕೌಂಟನ್ನೇ ನನ್ನ ಕೈಗೆ ಕೊಟ್ಟುಬಿಟ್ಟರು. ಹಿಂದಿನ ಬೆಂಚಿನವನೊಬ್ಬ, "ಮೇಡಂ, ನಮ್ಮ ಪ್ರಾಜೆಕ್ಟ್ ಮೇಲೆ ಕರುಣೆ ಇರಲಿ" ಅಂದ. ಎಲ್ಲರ ಜೊತೆ ನಾನೂ ನಕ್ಕೆ. ಆ ಸರ್ಟಿಫಿಕೇಟ್ ಪರೀಕ್ಷೇಲಿ ನಾನು ಪ್ರಶ್ನೆಗಳನ್ನ ಉರು ಹೊಡೆದು ಪಾಸಾದವಳು ಅಂತ ನಿನಗೊಬ್ಬಳಿಗೇ ಗೊತ್ತು. ಪರೀಕ್ಷೆಯಲ್ಲಿ ಎ, ಬಿ, ಸಿ, ಡಿ ಇತ್ತು. ಇಲ್ಲಿ ಬರೀ ಡಿಲೀಟ್ ಇದೆ. ತಪ್ಪಿ ಒತ್ತಿದರೆ ಯಾರದೋ ವರ್ಷದ ಕೆಲಸ ಹೋಯ್ತು, ವಾಪಸ್ ಬರಲ್ಲ.

ಸ್ಕ್ರೀನಲ್ಲಿ ಒಂದೊಂದೇ ಹೆಸರು ನೋಡ್ತಾ ಹೋದೆ. 'ಟೆಸ್ಟ್', 'ಫೈನಲ್', 'ಫೈನಲ್ ಹೊಸದು'. ಎಲ್ಲಕ್ಕಿಂತ ಕೆಳಗೆ 'ಗೂಬೆ', ನಾನು ನಿನಗಿಟ್ಟ ಅಡ್ಡಹೆಸರು. ನೀನು ಹೋದರೂ ನಿನ್ನ ಸರ್ವರ್ ಇನ್ನೂ ಓಡ್ತಾನೇ ಇದೆ ಕಣೇ.

ಯಾರೂ ತಮ್ಮದು ಅನ್ನದ್ದನ್ನೆಲ್ಲ ನಾಳೆಯೊಳಗೆ ತೆಗೀಬೇಕಂತೆ. ಕಳಿಸಲ್ಲ ಅಂದಿದ್ದೆ, ಆದರೆ ಇದನ್ನ ನಿನ್ನ ಇಮೇಲ್‌ಗೆ ಕಳಿಸ್ತಿದ್ದೀನಿ. ಅದು ನಿನಗೆ ಇನ್ನೂ ಬೇಕಾ? ಬೇಗ ಉತ್ತರ ಬರಿ.