ಗಾಲಿಯಡಿಯ ಇಂಡಿ ಲಿಂಬೆ

ಸುಂದರವ್ವ ಅತ್ತೆಗೆ ಇಟಲಿಯಿಂದ ಕೋಮಲ ಬರೆಯುವುದು.

ನಾನು ವಿನ್ಯಾಸ ಮಾಡಿದ ರೇಸ್ ಕಾರನ್ನು ಇಂದು ಬೆಳಿಗ್ಗೆ ತಡೆದಿದ್ದಾರೆ. ಟೈರಿಗೆ ಹಿಡಿತ ಹೆಚ್ಚಿಸುವ ರಾಸಾಯನಿಕ ಹಚ್ಚಿದಂತಿದೆ ಎಂದು ತಪಾಸಣಾಧಿಕಾರಿ ಬರೆದಿದ್ದಾರೆ. ಅದು ಇಂಡಿಯ ನಿಮ್ಮ ತೋಟದ ಲಿಂಬೆಯ ರಸ. “ಎಷ್ಟ ದೊಡ್ಡ ಇಂಜಿನಿಯರ್ ಆದ್ರೂ ಗಾಲಿ ಕೆಳಗ ಲಿಂಬಿಹಣ್ಣ ಇಡೂದ ಮರೀಬ್ಯಾಡವಾ” ಎಂದಿದ್ದಿರಲ್ಲ, ಹಿಂದಿನ ಆರು ಕಾರುಗಳಿಗೂ ಇಟ್ಟಿದ್ದೆ, ನಾಲ್ಕು ಗೆದ್ದವು. ಈ ಸಲ ಟೈರು ಒರೆಸುವುದನ್ನು ಮರೆತೆ. ಚೀಲದಲ್ಲಿ ಉಳಿದಿದ್ದ ಹಣ್ಣನ್ನು ಅವರೆದುರೇ ಕೊಯ್ದು ತೋರಿಸಿದೆ. ಎರಡು ಸಲ ಮೂಸಿ, ಒಂದು ಹೋಳನ್ನು ತಮ್ಮ ಚಹಾಕ್ಕೆ ಹಿಂಡಿಕೊಂಡರು. ಟೈರನ್ನು ಮಾತ್ರ ಪ್ರಯೋಗಾಲಯಕ್ಕೆ ಕಳಿಸಿದರು. ವರದಿಯಲ್ಲಿ ರಾಸಾಯನಿಕವೆಂದು ಬಂದರೆ ಕಾರು ಸ್ಪರ್ಧೆಯಿಂದ ಹೊರಗೆ. ಮೈ ಆರಾಮ ಇದೆ, ಊಟ ಸೇರುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಹತ್ತಕ್ಕೆ ವರದಿ, ಎರಡಕ್ಕೆ ಓಟ.