ಐದನೆಯ ವಿದ್ಯಾಪೀಠ ನಮ್ಮ ಮಗ್ಗದ ಮನೆ

ರಸ್ತೆ-ಕಾಲುವೆ ಕಚೇರಿಯ ಹಿರಿಯ ಅಧಿಕಾರಿಗಳಿಗೆ, ರೋಣ
ಗಜೇಂದ್ರಗಡ, ವೈಶಾಖ ಮಾಸ, ೧೮೫೬

ಮಾನ್ಯರೇ,

ಜಗತ್ತಿನಲ್ಲಿ ಇಂಜಿನಿಯರಿ ವಿದ್ಯೆ ಕಲಿಸುವ ಐದು ಶ್ರೇಷ್ಠ ವಿದ್ಯಾಪೀಠಗಳನ್ನು ಹೆಸರಿಸಿ ಎಂದು ನಿಮ್ಮ ಪರೀಕ್ಷೆಯಲ್ಲಿ ಕೇಳಿದಿರಿ. ನನ್ನ ಗಂಡ ನಾಲ್ಕನ್ನು ಸರಿಯಾಗಿ ಬರೆದು, ಐದನೆಯದಾಗಿ ‘ಗಜೇಂದ್ರಗಡ, ನಮ್ಮ ಮಗ್ಗದ ಮನೆ’ ಎಂದು ಬರೆದರು. ಅದೊಂದು ಸಾಲಿಗೆ ನೀವು ‘ಉದ್ಧಟ’ ಎಂದು ಷರಾ ಬರೆದು, ಪುಣೆಯ ಹೊಸ ಇಂಜಿನಿಯರಿ ತರಗತಿಗೆ ಈ ಭಾಗದಿಂದ ಕಳಿಸಬೇಕಾದ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿದಿರಿ. ಇದು ಅನ್ಯಾಯ. ಈ ಪತ್ರವನ್ನು ರೋಣ, ನರಗುಂದ, ಗಜೇಂದ್ರಗಡದ ಚಾವಡಿಗಳಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೇನೆ; ನಿಮ್ಮೊಬ್ಬರಿಗೇ ಬರೆದರೆ ಒಬ್ಬರೇ ಓದಿ ಒಬ್ಬರೇ ಮರೆಯುತ್ತೀರಿ.

ಬರೆಯುವ ಈ ಹೆಂಗಸು ಯಾರೆಂದು ಕೇಳುವಿರಿ. ನನ್ನ ತಂದೆ ಪುಣೆಯ ಕಾಲೇಜಿನಲ್ಲಿ ಸಾಹೇಬರಿಗೆ ಕನ್ನಡ ಕಲಿಸುತ್ತಿದ್ದ ಮುನ್ಶಿ. ಹಗಲು ಅಲ್ಲಿ ಕೇಳಿಬಂದ ಗಣಿತ, ಭೂಗೋಳಗಳ ಪಾಠ ಸಂಜೆ ನಮ್ಮ ಪಡಸಾಲೆಯಲ್ಲಿ ಮತ್ತೊಮ್ಮೆ ನಡೆಯುತ್ತಿತ್ತು. ಕಾಲೇಜಿನ ಹೊಸ್ತಿಲು ತುಳಿಯದೆ ಕಾಲೇಜು ಮುಗಿಸಿದವಳು ನಾನು. ಈಗ ಆರು ತಿಂಗಳ ಮಗಳ ತಾಯಿ. ನಿದ್ದೆ ಮಾಡಿ ಆರು ತಿಂಗಳಾಯಿತು. ಮಗು ಕೆಮ್ಮಿದರೆ ಎದ್ದು ಕೂರುತ್ತೇನೆ. ಕೆಮ್ಮದೆ ಸುಮ್ಮನಿದ್ದರೆ ಮೂಗಿಗೆ ಬೆರಳು ಹಿಡಿದು ನೋಡುತ್ತೇನೆ.

ನಿಮ್ಮ ಜಾಹೀರುನಾಮೆಯಲ್ಲಿದ್ದ ಹೆಸರುಗಳನ್ನು ಗಂಡನಿಗೆ ಬಾಯಿಪಾಠ ಮಾಡಿಸಿದವಳು ನಾನೇ, ತೊಟ್ಟಿಲು ತೂಗುತ್ತ. ಪ್ಯಾರಿಸ್, ಲಂಡನ್, ಗ್ಲಾಸ್ಗೋ, ರೂರ್ಕಿ, ಅಮೆರಿಕದ ಟ್ರಾಯ್. ಪರಿಣಾಮವಾಗಿ ನನ್ನ ಮಗಳು ಈಗ ಬೇರೆ ಯಾವ ಜೋಗುಳಕ್ಕೂ ಜಗ್ಗುವುದಿಲ್ಲ. ಗ್ಲಾಸ್ಗೋವರೆಗೆ ಕಾಲು ಬಡಿಯುತ್ತಾಳೆ, ರೂರ್ಕಿಗೆ ಆಕಳಿಸುತ್ತಾಳೆ. ನನ್ನ ಅತ್ತೆ ವೀರವ್ವನವರೂ ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ ಅದನ್ನು ರಾಗವಾಗಿ ಹಾಡುತ್ತಾರೆ. “ಯಾವ ಊರೋ ಏನೋ ಯವ್ವಾ, ಕೂಸ ಮಲಗತೈತಿ. ಚಲೋ ಊರ ಇರಬೇಕ.”

ಅಂದರೆ ನನ್ನ ಗಂಡನಿಗೆ ಐದನೆಯ ಹೆಸರು ಗೊತ್ತಿತ್ತು. ಮತ್ತೇಕೆ ಬರೆಯಲಿಲ್ಲ? ಅದಕ್ಕೆ ಕಾರಣ ತಾವೇ.

ಬರಹದ ಪರೀಕ್ಷೆಯ ಹಿಂದಿನ ದಿನ ಬಯಲಿನ ಪರೀಕ್ಷೆ ನಡೆಯಿತು. ರಾಜೂರ ಕೆರೆಯಿಂದ ಅಲ್ಲೇ ಹತ್ತಿರದ ನಿಮ್ಮ ಬಂಗಲೆಯ ಕುದುರೆ ತೊಟ್ಟಿಗೆ ನೀರು ಹರಿಯುವ ದಾರಿ ಗುರುತಿಸಬೇಕು, ಗುರುತಿನ ಮೇಲೆ ಆಳುಗಳು ಕಾಲುವೆ ತೋಡುತ್ತಾರೆ. ಮಟ್ಟ ನೋಡುವ ಗಾಜಿನ ಕೊಳವೆ ಕಚೇರಿಯಿಂದ ಬರುವಾಗಲೇ ಒಡೆದಿತ್ತು. ಅದೇ ಪರೀಕ್ಷೆಗೆ ಬಂದಿದ್ದ ನರಗುಂದದ ವ್ಯಾಪಾರಿ ಮನೆತನದ ಪ್ರಭುಲಿಂಗಪ್ಪನವರು ಪುಸ್ತಕದ ಲೆಕ್ಕ ಹಾಕಿ ಗೆರೆ ಎಳೆದರು; ನೀರು ಇಪ್ಪತ್ತು ಹೆಜ್ಜೆ ಬಂದು, ಏನೋ ಮರೆತವರಂತೆ ಕೆರೆಗೇ ಮರಳಿತು. ನನ್ನ ಗಂಡ ಚೀಲದಿಂದ ನೂಲಿನ ಉಂಡೆ ಮತ್ತು ಹಿತ್ತಾಳೆಯ ತಾಟು ತೆಗೆದರು.

“ಏನೋ, ಸೀರಿ ನೇಯಾಕ ಬಂದಿಯೇನ? ಉಣ್ಣಾಕ ತಾಟೂ ತಂದೀಯಲ್ಲ!” ಎಂದರು ನಿಮ್ಮ ಪರೀಕ್ಷಕರು.

“ನೀರ ತಾಟಿನ್ಯಾಗ ಸುಳ್ಳ ಹೇಳೂದಿಲ್ರಿ. ದಾರ ಉದ್ದಾದ್ರ ಜೋತ ಬೀಳತೈತಿ, ಅದಕ್ಕ ಹತ್ತ ಮೊಳಕ್ಕೊಂದ ಗೂಟ ಬೇಕ್ರಿ.”

ಓಣಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟುವವರಿಗೆ ಇದು ಹೊಸದೇನಲ್ಲ. ಮಗ್ಗದ ಮರದ ಮೇಲೆ ನೀರಿನ ತಾಟಿಟ್ಟು ಮಟ್ಟ ನೋಡದಿದ್ದರೆ ಸೀರೆ ಓರೆಯಾಗುತ್ತದೆ, ಓರೆಯಾದ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ಗೂಟಗೂಟಕ್ಕೂ ತಾಟಿನ ನೀರಿನಿಂದ ಮಟ್ಟ ನೋಡಿ ದಾರ ಎಳೆಯುತ್ತ ಹೋದರು; ಸಂಜೆಯ ಹೊತ್ತಿಗೆ ನೀರು ತೊಟ್ಟಿ ಮುಟ್ಟಿತು. ಕುದುರೆಯ ಮೇಲಿಂದ ನೀವೇ ಕೇಳಿದಿರಿ: “ಇದನ್ನ ಎಲ್ಲಿ ಕಲತಿ?” “ನಮ್ಮ ಮಗ್ಗದ ಮನ್ಯಾಗ್ರಿ, ನಮ್ಮವ್ವನ ಕಡಿಂದ.” ನೀವು ಶಾಬಾಸ್ ಎಂದಿರಿ.

ಮಾನ್ಯರೇ, ಆ ಶಾಬಾಸನ್ನು ನಂಬಿದ್ದೇ ಅವರು ಮಾಡಿದ ತಪ್ಪು. ಬರಹದ ಪರೀಕ್ಷೆ ಮುಗಿಸಿ ಮನೆಗೆ ಬಂದವರನ್ನು ನಾನು ಹಣೆ ಚಚ್ಚಿಕೊಂಡು ಕೇಳಿದೆ, ಟ್ರಾಯ್ ಎಲ್ಲಿ ಹೋಯಿತೆಂದು. “ನಾ ಟ್ರಾಯ್ ಕಂಡೇನೇನ? ಅವ್ವನ ಮಗ್ಗ ಕಂಡೇನಿ. ನಿನ್ನಿ ಸಾಹೇಬರ ಒಪ್ಪಿದ್ರು, ಇವತ್ತ ಹ್ಯಾಂಗ ಮುಚ್ಚಿಡ್ಲಿ?” ಎಂದರು. ಇದಕ್ಕೆ ಯಾವ ಕಾಲೇಜಿನಲ್ಲಿ ಉದ್ಧಟತನ ಎನ್ನುತ್ತಾರೆ?

ಐದೂ ಹೆಸರು ಒಪ್ಪಿಸಿದ ಪ್ರಭುಲಿಂಗಪ್ಪನವರು ಈಗ ನಿಮ್ಮ ಪಟ್ಟಿಯಲ್ಲಿದ್ದಾರೆ. ಪಾಪ, ಒಳ್ಳೆಯ ಮನುಷ್ಯ. “ನನ್ನ ನೀರ ಹಿಂದಕ ಹೋತು, ನನ್ನ ಮುಂದಕ ಕಳಸಾಕತ್ತಾರ” ಎಂದು ಸಂತೆಯಲ್ಲಿ ತಾವೇ ಹೇಳಿಕೊಂಡು ನಗುತ್ತಿದ್ದಾರೆ.

ಪ್ಯಾರಿಸ್ಸಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅಲ್ಲಿ ಸೇತುವೆಯ ಕಮಾನು ಎಷ್ಟು ಭಾರ ತಡೆಯುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳುತ್ತಾರಂತೆ. ನನ್ನ ಅತ್ತೆ ಅದನ್ನು ಹೇಳಲಾರರು. ಉಗಿಯಂತ್ರದ ಹೊಟ್ಟೆಯೊಳಗೆ ಏನಿದೆಯೆಂದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯದು. ಅದಕ್ಕೇ ಅಲ್ಲವೇ ನನ್ನ ಗಂಡ ಪುಣೆಗೆ ಹೋಗಬಯಸುವುದು? ಮಟ್ಟ ಬಲ್ಲವನಿಗೆ ಲೆಕ್ಕ ಕಲಿಸಬಹುದು. ಹೆಸರುಗಳನ್ನು ಒಪ್ಪಿಸುವುದೇ ಇಂಜಿನಿಯರಿ ವಿದ್ಯೆಯಾದರೆ, ದಯವಿಟ್ಟು ನನ್ನ ಮಗಳನ್ನು ನೇಮಿಸಿಕೊಳ್ಳಿ. ಇನ್ನು ಒಂದೆರಡು ವರ್ಷಕ್ಕೆ ಮಾತು ಬರುತ್ತದೆ.

ನನ್ನ ಬೇಡಿಕೆ ಇಷ್ಟು. ಮೃಗಶಿರ ಮಳೆ ಹಿಡಿದು ಬಂಡಿದಾರಿ ಕೆಸರಾಗುವ ಮೊದಲು ಪುಣೆಗೆ ಹೋಗುವ ಪಟ್ಟಿಯನ್ನು ತಿದ್ದಬೇಕು. ಆಗದಿದ್ದರೆ ಆ ಕಾಲುವೆಯನ್ನು ಮುಚ್ಚಿಸಿಬಿಡಿ. ನಾಪಾಸಾದವನು ತಂದ ನೀರನ್ನು ಸರಕಾರಿ ಕುದುರೆ ಕುಡಿಯುವುದು ಶೋಭಿಸುವುದಿಲ್ಲ.

ಇದನ್ನು ಬರೆಯುವಾಗ ಅತ್ತೆ ಕೇಳಿದರು: “ಗಂಡನ್ನ ದೂರ ಕಳಸ್ರಿ ಅಂತ ಕಾಗದ ಬರ್ಯಾಕತ್ತೀಯಲ್ಲ, ತಲಿ ನೆಟ್ಟಗೈತೇನ?”

“ನೆಟ್ಟಗೈತ್ರಿ ಅತ್ತಿ. ನಿದ್ದಿ ಇಲ್ಲ, ಅಷ್ಟ.”

ನನ್ನ ಗಂಡ ಹೋದರೆ ಮಗಳ ಮೊದಲ ಹೆಜ್ಜೆ ನೋಡುವುದಿಲ್ಲ. ಜ್ವರ ಬಂದರೆ ವೈದ್ಯರನ್ನು ಕರೆಯಲು ನಾನೇ ಓಡಬೇಕು. ಇದನ್ನೆಲ್ಲ ಯೋಚಿಸಿಯೇ ಕಳಿಸಿರೆನ್ನುತ್ತಿದ್ದೇನೆ.

ಕೊನೆಯದೊಂದು ಮಾತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ; ಇಲ್ಲಿಯವರೆಗೆ ನಾನೂ ಬರೆದಿಲ್ಲ. ಹೆಸರಿಲ್ಲದ ಅರ್ಜಿಯನ್ನು ನಿಮ್ಮ ಕಾರಕೂನರು ಮೂಲೆಗೆ ಎಸೆಯುತ್ತಾರೆಂದು ಗೊತ್ತು. ಹಾಗಾಗಿ, ಇಗೋ: ಅಂದಪ್ಪ. ಬರೆದು ಬಾಯಿಬಿಟ್ಟೂ ಓದಿದೆ, ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಾಳಿಗೆಯೇನೂ ಕುಸಿಯಲಿಲ್ಲ. ನಾನು ಬರೆದ ಹೆಸರನ್ನು ನಿಮ್ಮ ಪಟ್ಟಿಯಲ್ಲಿ ಇನ್ನೊಮ್ಮೆ ಬರೆಯಲು ನಿಮಗೇನು ಕಷ್ಟ?

ಇಂತಿ,
ಗಂಡನನ್ನು ಊರು ಬಿಡಿಸಲು ತಾನೇ ಜಗಳ ತೆಗೆದ
ಸಿದ್ದಲಿಂಗವ್ವ