ಒಣಗಿದ ಗಿಡಕ್ಕೆ ನೀರು

ಅಪ್ಪಾ,

ಇದನ್ನ ಓದೋಕೆ ನೀನಿಲ್ಲ. ಆದ್ರೂ ಬೇರೆ ಯಾರಿಗೆ ಹೇಳಲಿ? ಸತ್ತವರನ್ನೂ ಎಬ್ಬಿಸುತ್ತೆ ಅಂತ ನೀನು ಗುಡ್ಡ ಗುಡ್ಡ ಅಲೆದು ಹುಡುಕಿದ ಆ ಕಥೆಯ ಮೂಲಿಕೆ ಯಾವುದು ಅಂತ ಇವತ್ತು ನಮ್ಮ ಲ್ಯಾಬಿನಲ್ಲಿ ಹೆಚ್ಚುಕಮ್ಮಿ ತೀರ್ಮಾನ ಆಯ್ತು. ಒಣಗಿ ಮುಷ್ಟಿಯ ಹಾಗೆ ಮುದುಡಿದ್ದ ಗಿಡವನ್ನ ಬೆಳಿಗ್ಗೆ ತಟ್ಟೆಯ ನೀರಲ್ಲಿಟ್ಟೆ. ಊಟ ಮುಗಿಸಿ ಬರೋಷ್ಟರಲ್ಲಿ ಬೆರಳು ಬಿಚ್ಚಿದ ಹಾಗೆ ಅರಳಿ ಹಸಿರಾಗಿತ್ತು.

"ಕಥೆ ಹುಟ್ಟಿದ್ದು ಇದನ್ನ ನೋಡಿಯೇ ಇರಬೇಕು," ಅಂದ್ರು ನಮ್ಮ ಮೇಡಂ. "ಆದ್ರೆ ಇದು ತನ್ನ ಜೀವ ಉಳಿಸ್ಕೊಳ್ಳುತ್ತೆ ಅಷ್ಟೆ. ಇನ್ನೊಬ್ಬರದ್ದಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ಕೈ ತೊಳೆಯೋ ನೆಪದಲ್ಲಿ ಹೊರಗೆ ಹೋದೆ.

ನೀನು ಹಸಿರಾಗಿರೋದನ್ನೇ ಹುಡುಕಿದೆ. "ಜೀವ ಕೊಡೋ ಗಿಡ ಎಲ್ಲಾದ್ರೂ ಒಣಗುತ್ತಾ, ಪೆದ್ದಿ?" ಅಂತಿದ್ದೆ. ಬಿರುಬೇಸಿಗೆಯಲ್ಲಿ ಇದನ್ನೇ ಎಷ್ಟು ಸಲ ಕಸ ಅಂತ ತುಳ್ಕೊಂಡು ಹೋಗಿದ್ಯೋ. ಹುಡುಕೋ ಬಳ್ಳಿ ಕಾಲಿಗೆ ತೊಡರಿದ್ರೆ ಸಾಕಾ, ಗುರುತು ಸಿಗಬೇಡ್ವಾ?

ಅಮ್ಮ ಹಾಸಿಗೆ ಹಿಡಿದ ಬೇಸಿಗೆಯಲ್ಲೂ ನೀನು ಗುಡ್ಡದಲ್ಲೇ ಇದ್ದೆ. ಸಿಕ್ಕಿದ್ದರೂ ಏನೂ ಆಗ್ತಿರಲಿಲ್ಲ, ಬಿಡು. ಮೂಲಿಕೆ ಸಿಕ್ತಾ ಅಂತ ಅವಳು ಒಂದು ಸಲವೂ ಕೇಳಲಿಲ್ಲ. ಬಾಗಿಲು ಸದ್ದಾದಾಗೆಲ್ಲ, "ಅವರು ಬಂದ್ರಾ?" ಅಂತಿದ್ದಳು.